ಕೈಗೆ ಒಗ್ಗುವ ಪಿಸ್ತೂಲು

ಗ್ರೀನ್ ಕಾರ್ಡ್ ಬಂದರೆ ಅಮೆರಿಕದ ಸುವಾನಿಯಲ್ಲಿರುವ ನಮ್ಮ ಜನ ಮೊದಲು ಊರಿಗೆ ಟಿಕೆಟ್ ತೆಗೆಯುತ್ತಾರೆ. ಪ್ರತಾಪ್ ಮಾತ್ರ ಪಿಸ್ತೂಲು ಕೊಳ್ಳಲು ಹೊರಟ. ವೀಸಾದ ಮೇಲಿದ್ದಾಗ ಸುಲಭಕ್ಕೆ ಸಿಗದಿದ್ದ ವಸ್ತು ಅದು. ಶನಿವಾರ ಬೆಳಗಿನ ತಿಂಡಿ ಮುಗಿಸಿ, ಹೆಂಡತಿ ಹರಿಣಿಯನ್ನೂ ಹೊರಡಿಸಿಕೊಂಡು ಬಂದೂಕಿನ ಅಂಗಡಿಗೆ ಬಂದೇಬಿಟ್ಟ.

ಓದದೆ, ವಿಚಾರಿಸದೆ ಏನನ್ನೂ ಕೊಂಡ ಆಸಾಮಿಯಲ್ಲ ಅವನು. ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಆರಿಸುವುದಕ್ಕೇ ಒಂದು ಬೇಸಿಗೆ ಪೂರ್ತಿ ತಲೆ ಕೆಡಿಸಿಕೊಂಡಿದ್ದ. ಪಿಸ್ತೂಲೆಂದರೆ ಕೇಳಬೇಕೆ?

"ಹೊಸದಕ್ಕಿಂತ ಸರ್‌ಪ್ಲಸ್ ಬೆಸ್ಟ್ ಕಣೇ. ಯೂರೋಪಲ್ಲಿ ಪೊಲೀಸ್‌ನೋರು ಯೂಸ್ ಮಾಡಿ ಬಿಟ್ಟಿರೋದು. ರಿವ್ಯೂ ಎಲ್ಲಾ ಓದಿದೀನಿ," ಎಂದು ದಾರಿಯುದ್ದಕ್ಕೂ ಹೇಳಿದ್ದ.

ಅಂಗಡಿಯ ಮುದುಕ ಗಾಜಿನ ಕಪಾಟಿನಿಂದ ಎರಡನ್ನು ತೆಗೆದು ರಬ್ಬರ್ ಹಾಸಿನ ಮೇಲಿಟ್ಟ. ಎರಡೂ ಗಿಡ್ಡ, ಎರಡೂ ಕಪ್ಪು. ಒಂದು ಪೋಲೆಂಡಿನದು, ಇನ್ನೊಂದು ಜೆಕ್ ದೇಶದ್ದು. ಗುಂಡಿನ ಅಳತೆಯೂ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಆರಿಸುವುದೇನು ಬಂತು ಎಂದು ಹರಿಣಿಗೆ ಅನಿಸಿತು. ಆದರೆ ಅವಳು ಬಂದದ್ದು ಪಿಸ್ತೂಲು ನೋಡುವುದಕ್ಕಲ್ಲ, ಗಂಡನನ್ನು ನೋಡುವುದಕ್ಕೆ.

ಹಿಂದಿನ ವರ್ಷದ ವರಮಹಾಲಕ್ಷ್ಮಿ ಹಬ್ಬದ ಸಂಜೆ ಅವರ ಮನೆಗೆ ಕಳ್ಳರು ನುಗ್ಗಿದ್ದರು. ವರ್ಷವಿಡೀ ಬ್ಯಾಂಕಿನ ಲಾಕರಿನಲ್ಲಿ ಮಲಗಿರುವ ಒಡವೆಯೆಲ್ಲ ಅವತ್ತು ಮನೆಗೆ ಬರುತ್ತದೆ. ಕಳಶಕ್ಕೆ ಸೀರೆ ಉಡಿಸಿ, ಇದ್ದಬದ್ದ ಚಿನ್ನವನ್ನೆಲ್ಲ ಹಾಕಿ, ಫೋಟೋ ತೆಗೆದು ಕಂಡಕಂಡ ಗ್ರೂಪಿಗೆಲ್ಲ ಕಳಿಸುವುದು ನಮ್ಮವರ ಜಾಣತನ. ಸಂಜೆ ಹೆಂಗಸರು ಕುಂಕುಮಕ್ಕೆ ಬರುವ ಹೊತ್ತು. ಬೆಲ್ ಆದಾಗ ಹರಿಣಿ ಯಾರೆಂದು ಇಣುಕಿಯೂ ನೋಡದೆ, ಅರಿಶಿನ ಕುಂಕುಮದ ತಟ್ಟೆ ಹಿಡಿದೇ ನಗುತ್ತಾ ಬಾಗಿಲು ತೆಗೆದಳು. ಮುಖಕ್ಕೆ ಮಾಸ್ಕ್ ಹಾಕಿದ್ದ ಇಬ್ಬರು ಅವಳನ್ನು ಗೋಡೆಗೆ ಒತ್ತಿ ಹಿಡಿದರು. ಒಬ್ಬನ ಕೈಯಲ್ಲಿ ಚಾಕು ಇತ್ತು.

ಪ್ರತಾಪ್ ಆಗ ಮಹಡಿಯಿಂದ ಇಳಿಯುತ್ತಿದ್ದ. ಅರ್ಧ ಮೆಟ್ಟಿಲಲ್ಲಿ ನಿಂತ. ಅವನ ಕಣ್ಣೂ ಹರಿಣಿಯ ಕಣ್ಣೂ ಸೇರಿದವು. ಮರುಕ್ಷಣ ಅವನು ತಿರುಗಿ ಮೇಲೆ ಓಡಿದ. ಆಫೀಸ್ ರೂಮಿನ ಬಾಗಿಲು ಮುಚ್ಚಿ ಒಳಗಿನಿಂದ ಲಾಕ್ ಹಾಕಿಕೊಂಡದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಕಳ್ಳರು ಲಕ್ಷ್ಮಿಯ ಮೈಮೇಲಿನದನ್ನು ಬಾಚಿಕೊಂಡರು, ಅವಳ ಕೈಬಳೆಗಳನ್ನು ಚರ್ಮ ಸುಲಿಯುವ ಹಾಗೆ ಎಳೆದುಕೊಂಡು ಹೋದರು. ಪೊಲೀಸರು ಬಂದು ಹೆಸರು ಹಿಡಿದು ಕೂಗಿದ ಮೇಲೆಯೇ ಆ ಬಾಗಿಲು ತೆರೆದದ್ದು.

ಅವನು ಹೆದರಿದ್ದಕ್ಕೆ ಹರಿಣಿಗೆ ಸಿಟ್ಟಿರಲಿಲ್ಲ. ಹೆದರಿಕೆ ಯಾರಿಗಿಲ್ಲ? ಅವಳೂ ಹೆದರಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ನಿನ್ನನ್ನು ಬಿಟ್ಟು ಓಡಿದೆ, ತಪ್ಪಾಯಿತು ಎಂದು ಅವನು ಒಮ್ಮೆ ಹೇಳಿದ್ದರೆ ಸಾಕಿತ್ತು, ಅಲ್ಲೇ ಕ್ಷಮಿಸಿಬಿಡುತ್ತಿದ್ದಳು. ಕ್ಷಮೆಯನ್ನು ಸಿದ್ಧ ಮಾಡಿಟ್ಟುಕೊಂಡೇ ಕಾದಿದ್ದಳು ಪಾಪ. ಅವನೋ, ಕ್ಯಾಮೆರಾ ಹಾಕಿಸಿದ, ಅಲಾರಂ ಹಾಕಿಸಿದ, ಆ ಮಾತೊಂದನ್ನು ಬಿಟ್ಟು ಎಲ್ಲ ಮಾಡಿದ. ಗೆಳತಿ ಚೇತನಳ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದ ತಿನ್ನುತ್ತಾ, "ತಕ್ಷಣ ನೈನ್ ಒನ್ ಒನ್‌ಗೆ ಕಾಲ್ ಮಾಡ್ದೆ ನೋಡಿ, ಅದಕ್ಕೇ ಇವಳು ಉಳ್ಕೊಂಡ್ಲು," ಎಂದು ಹೇಳಿದ. ಮನೆಯಿಂದ ಮನೆಗೆ ಹೋಗುತ್ತಾ ಆ ಕತೆಯಲ್ಲಿ ಅವನ ಧೈರ್ಯ ಬೆಳೆಯಿತು, ಮೆಟ್ಟಿಲು ಮಾಯವಾಯಿತು. ಹರಿಣಿ ಪ್ರತಿ ಸಲವೂ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಹಾಗಾಗಿ ಅವನು ಪಿಸ್ತೂಲಿನ ಮಾತು ಎತ್ತಿದಾಗ ಅವಳ ಎದೆ ಸ್ವಲ್ಪ ಹಗುರವಾಗಿತ್ತು. ಬಾಯಲ್ಲಿ ಹೇಳಲಾಗದ್ದನ್ನು ಗಂಡಸರು ವಸ್ತು ಕೊಂಡು ಹೇಳುತ್ತಾರೆ. ಇನ್ನೊಂದು ಸಲ ಹೀಗಾದರೆ ನಾನು ಮುಂದೆ ನಿಲ್ಲುತ್ತೇನೆ ಅನ್ನುವುದನ್ನು ಇವನು ಹೀಗೆ ಹೇಳುತ್ತಿರಬಹುದು. ಅಷ್ಟಿದ್ದರೂ ಸಾಕು, ಉಳಿದದ್ದನ್ನು ಮರೆತೇನು ಎಂದುಕೊಂಡೇ ಅವಳು ಕಾರು ಹತ್ತಿದ್ದಳು.

ಮುದುಕ ವಿವರಿಸಿದ. ಪೋಲೆಂಡಿನದು ಚಿಕ್ಕದು, ಸಣ್ಣ ಕೈಗೆ ಸಲೀಸು, ಆದರೆ ಹಾರಿಸಿದರೆ ಜೋರಾಗಿ ಹಿಂದಕ್ಕೆ ಒದೆಯುತ್ತದೆ. ಜೆಕ್ ದೇಶದ್ದು ತೂಕ ಹೆಚ್ಚು, ಒದೆತ ಕಡಿಮೆ, ಆದರೆ ಹಿಡಿ ದಪ್ಪ. ಯಾವುದು ಸರಿ ಎನ್ನುವುದು ಹಿಡಿಯುವವರು ಯಾರು ಎಂಬುದರ ಮೇಲೆ ಹೋಗುತ್ತದೆ ಎಂದ.

ಪ್ರತಾಪ್ ಹರಿಣಿಯ ಬಲಗೈ ಎಳೆದುಕೊಂಡು ಚಿಕ್ಕದನ್ನು ಅಂಗೈಯಲ್ಲಿಟ್ಟ. ಬಳೆಗಾರನ ಹಾಗೆ ಅವಳ ಮಣಿಕಟ್ಟನ್ನು ಅತ್ತ ಇತ್ತ ತಿರುಗಿಸಿದ. "ಫಿಟ್ ಆಗತ್ತೆ. ಆದ್ರೆ ಕಿಕ್ ಜಾಸ್ತಿಯಂತೆ. ತಡ್ಕೋತೀಯಾ?"

ಅವಳು ದೊಡ್ಡದನ್ನು ಎತ್ತಿ ಅವನತ್ತ ಚಾಚಿದಳು. "ಇದನ್ನ ನೀವೊಂದ್ಸಲ ಹಿಡ್ಕೊಂಡು ನೋಡ್ರೀ. ನಿಮ್ಮ ಕೈಗೆ ಸರಿಯಾಗತ್ತೆ."

"ನಂಗ್ಯಾಕೆ?" ಅವನು ಒಂದು ಹೆಜ್ಜೆ ಹಿಂದೆ ಸರಿದ. "ನಿಂಗೆ ಸರಿಯಾಗ್ಬೇಕು. ಬಾಗಿಲು ತೆಗೆಯೋಳು ನೀನೇ ತಾನೇ?"

ಅದರಲ್ಲಿ ಕುಹಕವಿರಲಿಲ್ಲ, ಕೆಟ್ಟತನವೂ ಇರಲಿಲ್ಲ. ಎಷ್ಟೋ ದಿನ ಯೋಚಿಸಿ, ಓದಿ, ಲೆಕ್ಕ ಹಾಕಿ ಕಂಡುಕೊಂಡ ಉಪಾಯವನ್ನು ಅವನು ಸಹಜವಾಗಿ ಹೇಳಿದ್ದ. ಮುಂದಿನ ಸಲವೂ ಬಾಗಿಲ ಬಳಿ ಅವಳೇ ಇರುತ್ತಾಳೆ, ಅವನು ಮೇಲೆಯೇ ಇರುತ್ತಾನೆ. ಅದನ್ನು ಒಪ್ಪಿಕೊಂಡ ಮೇಲೆಯೇ ಅವನು ಪಿಸ್ತೂಲು ಹುಡುಕಲು ಕೂತಿದ್ದ. ಹರಿಣಿಗೆ ಇದೆಲ್ಲ ಅಲ್ಲಿಯೇ ಅರ್ಥವಾಯಿತು. ಕನ್ನಡ ಬಾರದ ಮುದುಕ ಇಬ್ಬರನ್ನೂ ನೋಡಿ ನಗುತ್ತಿದ್ದ. ಅವಳು ಎರಡೂ ಪಿಸ್ತೂಲನ್ನು ಹಾಸಿನ ಮೇಲೆ ಮೆಲ್ಲಗಿಟ್ಟು, ಮುದುಕನಿಗೊಂದು ಥ್ಯಾಂಕ್ಸ್ ಹೇಳಿ ಹೊರಗೆ ನಡೆದಳು.

ಪ್ರತಾಪ್ ಕಾರಿನ ಬಾಗಿಲನ್ನು ದಢಾರನೆ ಎಳೆದುಕೊಂಡ. "ಏನಾಯ್ತೇ ನಿಂಗೆ? ಅಂಗಡಿಯವನ ಮುಂದೆ ಹೀಗೆ ಹೊರಟುಬಿಡೋದಾ? ನಿನಗೋಸ್ಕರ ತಾನೇ ಇಷ್ಟೆಲ್ಲ ಮಾಡ್ತಿರೋದು!"

"ಅವತ್ತು ನೀವು ರೂಮಿನ ಲಾಕ್ ಹಾಕ್ಕೊಂಡಿದ್ದು ನಂಗೆ ಕೇಳಿಸ್ತು, ರೀ."

ಫೋನ್ ಮಾಡುತ್ತಿದ್ದೆನಲ್ಲ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಅನ್ನಲಿಲ್ಲ. ಕೀಲಿ ತಿರುಗಿಸಲು ಹೋದ ಕೈ ಹಾಗೇ ನಿಂತಿತು.

"ಕೇಳಿಸ್ತಾ?" ಎಂದ, ತೀರಾ ಸಣ್ಣ ದನಿಯಲ್ಲಿ.

ಹಾಗಾದರೆ ಇವನು ಏನನ್ನೂ ಮರೆತಿರಲಿಲ್ಲ. ಇಷ್ಟು ದಿನ, ಪೂಜೆಗಳಲ್ಲಿ, ಊಟಗಳಲ್ಲಿ, ಆ ಕತೆ ಹೇಳುವಾಗಲೆಲ್ಲ ತಾನು ಓಡಿದ್ದು ಫೋನ್ ಮಾಡಲಿಕ್ಕೆಂದೇ ಅವಳು ತಿಳಿದಿರಬಹುದು, ಲಾಕ್ ಹಾಕಿದ್ದು ಕೇಳಿಸಿರಲಿಕ್ಕಿಲ್ಲ ಎಂಬ ನೆಚ್ಚಿಕೆಯ ಮೇಲೆಯೇ ಬದುಕಿದ್ದ.

"ಹೂಂ," ಎಂದಳು.

ಅವನು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತ. "ತಪ್ಪಾಯ್ತು ಹರಿಣಿ. ಬಿಟ್ಟು ಓಡ್ಬಿಟ್ಟೆ ಕಣೇ ನಿನ್ನ. ತಪ್ಪಾಯ್ತು." ಬಿಕ್ಕುತ್ತಾ ಅದನ್ನೇ ಮತ್ತೆ ಮತ್ತೆ ಹೇಳಿದ. ಅವಳು ಯಾವ ಮಾತಿಗಾಗಿ ಕಾದಿದ್ದಳೋ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹರಿಣಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಪಾಪ ಅನಿಸಿತು. ಎಷ್ಟೋ ವರ್ಷ ಜೊತೆಗೆ ಉಂಡು ಮಲಗಿದ ಮನುಷ್ಯ, ಹೀಗೆ ಅಳುವಾಗ ಅಯ್ಯೋ ಅನಿಸದೆ ಇರುತ್ತದೆಯೇ? ಇವನಿಗಾಗಿ ಎತ್ತಿಟ್ಟುಕೊಂಡಿದ್ದ ಕ್ಷಮೆಯನ್ನು ಅವಳು ಒಳಗೆಲ್ಲ ಹುಡುಕಿದಳು. ಅದು ಅಲ್ಲಿರಲಿಲ್ಲ. ಆಗ ಅವಳಿಗೂ ಅಳು ಬಂತು.