ಗಂಡಿಲಿಗಳು ಮಾತ್ರ

ಸೂಕ್ಷ್ಮದರ್ಶಕದಿಂದ ಕಣ್ಣು ಕೀಳದೆಯೇ ಲಿಯೋನಿ ಅಂದಳು, "ಇನ್ನೊಂದ್ಸಲ ಹೇಳು."

"ಹೆಣ್ಣಿಲಿಗಳನ್ನ ಕೈಬಿಟ್ಟಿದೀನಿ." ಗ್ರೇಮ್, ಪ್ರಯೋಗಾಲಯದ ಮುಖ್ಯಸ್ಥ, ಕಾಫಿ ಹೀರಿದ. "ಅವುಗಳ ಋತುಚಕ್ರದಿಂದ ಲೆಕ್ಕವೆಲ್ಲ ಚೆಲ್ಲಾಪಿಲ್ಲಿ. ನಮ್ಮ ಪ್ರಬಂಧದಲ್ಲಿ ಗಂಡಿಲಿಗಳ ಮೂತ್ರಕೋಶ ಮಾತ್ರ."

ಲಿಯೋನಿಯ ಆರು ವರ್ಷದ ಕೆಲಸ. ಇಲಿಯ ಗರ್ಭಕೋಶದ ಗೋಡೆಗೆ ಕೂದಲೆಳೆಯಂಥ ಸೂಜಿಯಲ್ಲಿ ಬಣ್ಣ ಚುಚ್ಚುವುದು. ಅದು ನರದೊಳಗೆ ತೆವಳಿ ಬೆನ್ನುಹುರಿಯ ಪಕ್ಕದ ನರಕೋಶ ಮುಟ್ಟುವ ತನಕ ವಾರ ಕಾಯುವುದು. ಆಮೇಲೆ ಕೊಂದು, ಕೊಯ್ದು, ನೋಡುವುದು. ನೋವು ಯಾವ ದಾರಿ ಹಿಡಿದು ಹೋಗುತ್ತದೆಂದು ಅಡಿಲೇಡ್ ನಗರದಲ್ಲಿ ಅವಳಷ್ಟು ಬಲ್ಲವರಿರಲಿಲ್ಲ. ಈಗಲೂ ಗಾಜಿನ ಕೆಳಗೆ ಒಂದು ಕೋಶ ಕೆಂಡದಂತೆ ಹೊಳೆಯುತ್ತಿತ್ತು.

"ನನ್ನ ಹೆಸರು ತೆಗಿ."

"ಹುಚ್ಚಾ ನಿನಗೆ? ನಿನ್ನೆನೇ ವಿಜ್ಞಾನ ಪತ್ರಿಕೆಗೆ ಕಳಿಸಾಯ್ತು."

"ನನ್ನ ಕೇಳದೆ?"

"ಕೇಳಿದ್ರೆ ಹೀಗೇ ರಂಪ ಮಾಡ್ತಿದ್ದೆ." ನಕ್ಕು ಹೋದ.

ಅವಳ ಕಿಬ್ಬೊಟ್ಟೆಯಲ್ಲಿ ಬೆಳಗಿನಿಂದ ಯಾರೋ ಹಗ್ಗ ಹೊಸೆಯುತ್ತಿದ್ದರು. ಹನ್ನೊಂದು ವರ್ಷದ ಹಳೇ ಪರಿಚಯ, ಈ ನೋವು.

ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯಲ್ಲಿ ವೈದ್ಯ ಕಂಪ್ಯೂಟರ್ ಪರದೆಯನ್ನು ಅವಳತ್ತ ತಿರುಗಿಸಿದ.

"ಸ್ಕ್ಯಾನ್ ಚೆನ್ನಾಗಿದೆ. ಏನೂ ಇಲ್ಲ."

"ನೋವಿದೆಯಲ್ಲ?"

"ಒತ್ತಡ ಇರಬೇಕು. ಏನ್ ಕೆಲಸ ನಿಮ್ದು?"

"ಇಲಿ ಕೊಲ್ಲೋದು."

ಅವನು ಅದನ್ನು ಬರೆದುಕೊಂಡ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವಳು ಪತ್ರಿಕೆಯ ಸಂಪಾದಕರಿಗೆ ಫೋನಿನಲ್ಲೇ ಮೂರೇ ಸಾಲು ಬರೆದಳು: ಅರ್ಧ ಸತ್ಯ ಮುಚ್ಚಿಟ್ಟಿದ್ದಾರೆ, ನನ್ನ ಒಪ್ಪಿಗೆಯಿಲ್ಲ, ಹೆಸರು ತೆಗೆಯಿರಿ. ಎದ್ದು ಕೆಳಗಿಳಿಯುವುದರೊಳಗೆ ಯಂತ್ರದ ಉತ್ತರ ಬಂತು. ಮುಖ್ಯ ಲೇಖಕರ ಪತ್ರವನ್ನಷ್ಟೇ ಪರಿಗಣಿಸಲಾಗುವುದು. ವಂದನೆಗಳು.

ಮುಖ್ಯ ಲೇಖಕ ಗ್ರೇಮ್.

ರಸ್ತೆ ದಾಟಲು ಸಿಗ್ನಲ್ ಕಂಬದ ಗುಂಡಿ ಒತ್ತಿದಳು. ಕಂಬ ಟಕ್, ಟಕ್ ಎನ್ನುತ್ತಿತ್ತು. ಮತ್ತೆ ಒತ್ತಿದಳು. ಆಮೇಲೆ ಮುಷ್ಟಿಯಿಂದ ಗುದ್ದಿದಳು.

"ನಿಧಾನ ಕಣಮ್ಮಾ," ಪಕ್ಕದಲ್ಲಿದ್ದ ಮುದುಕನೊಬ್ಬ ಅಂದ. "ಒಂದ್ಸಲ ಒತ್ತಿದ್ರೆ ಸಾಕು, ಅದಕ್ಕೆ ಗೊತ್ತಾಗುತ್ತೆ."

"ಗೊತ್ತಾಗಲ್ಲ," ಅಂದಳು. "ಯಾರಿಗೂ ಏನೂ ಗೊತ್ತಾಗಲ್ಲ."

ಮುದುಕ ಎರಡು ಹೆಜ್ಜೆ ಆಚೆ ಸರಿದು ನಿಂತ. ಅವಳು ಗುದ್ದುತ್ತಲೇ ಇದ್ದಳು. ಗೆಣ್ಣು ಒಡೆದು ಗುಂಡಿ ಒದ್ದೆಯಾಯಿತು. ರಸ್ತೆಯಾಚೆ, ಸಿಗ್ನಲ್ಲಿನ ಪುಟ್ಟ ಪೆಟ್ಟಿಗೆಯೊಳಗೆ, ಕೆಂಪು ಮನುಷ್ಯ ಕೈ ಇಳಿಬಿಟ್ಟುಕೊಂಡು ನಿಂತೇ ಇದ್ದ.