ಅಪ್ಪ ಬೆಳಗಿದ ವಿಮಾನ

ಆ ವರ್ಷ ಬೇಸಿಗೆಯ ಕೊನೆಯಲ್ಲಿ ನಮ್ಮ ಊರಿನ ಮೇಲೆ ಎರಡು ಕಡೆಯಿಂದ ಬಿಸಿಲು ಬೀಳುತ್ತಿತ್ತು. ಒಂದು ಎಲ್ಲ ಊರಿಗೂ ಬೀಳುವಂಥದು. ಇನ್ನೊಂದು ಪಡುವಣ ದಿಕ್ಕಿನ ಹಳೆಯ ವಿಮಾನ ಮೈದಾನದಿಂದ ಹೊರಟು, ಬಯಲು ದಾಟಿ, ಕಂಚುಗಾರರ ಬೀದಿಯ ಮಾಳಿಗೆ ಗೋಡೆಗಳಿಗೆ ಬಂದು ತಾಗುತ್ತಿತ್ತು. ಸಂಡಿಗೆ ಇಡಲು ಮಾಳಿಗೆ ಹತ್ತಿದ ಹೆಂಗಸರು ಕಣ್ಣಿಗೆ ಕೈ ಅಡ್ಡ ಹಿಡಿದು, "ಆಚಾರ್ರ ವಿಮಾನ ಕಣೇ" ಎಂದು ನಗುತ್ತಿದ್ದರು. ಆ ಬೆಳಕು ನನ್ನ ಅಪ್ಪ ಕೈಯಾರೆ ಮಾಡಿದ್ದು. ಅದನ್ನು ನೆನೆದಾಗ ಹೆಮ್ಮೆಯೂ ಸಂಕಟವೂ ಒಟ್ಟಿಗೇ ಬರುತ್ತವೆ, ಸಂಕಟವೇ ಹೆಚ್ಚು.

ಅಪ್ಪ ಬ್ರಹ್ಮಯ್ಯಾಚಾರ್ರು ತಾಮ್ರ, ಹಿತ್ತಾಳೆ, ಕಂಚು ಬಿಟ್ಟರೆ ಬೇರೆ ಲೋಹವನ್ನು ಲೋಹವೆಂದು ಒಪ್ಪಿದವರಲ್ಲ. ಚಿನ್ನ ಬೆಳ್ಳಿಯನ್ನು ಅಕ್ಕಸಾಲಿಗರ ಪಾಲಿಗೆ ಬಿಟ್ಟಿದ್ದರು. ಅಲ್ಯೂಮಿನಿಯಂ ಎಂದರೆ ಮಾತ್ರ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಅದರ ಪಾತ್ರೆ ಊರಿಗೆ ಕಾಲಿಟ್ಟ ಮೇಲೆಯೇ ನಮ್ಮ ಬೀದಿಯ ಕುಲುಮೆಗಳು ಒಂದೊಂದಾಗಿ ಆರಿಹೋದದ್ದು. "ಅದೂ ಒಂದು ಲೋಹಾನಾ? ಬಡಿದ್ರೆ ಕೆಮ್ಮುತ್ತೆ" ಎನ್ನುತ್ತಿದ್ದರು. ಅಂಗಡಿಯೊಳಗೆ ಅಲ್ಯೂಮಿನಿಯಂ ಚಮಚವೊಂದನ್ನೂ ಬಿಟ್ಟುಕೊಳ್ಳದ ಆ ಮನುಷ್ಯರ ಒಬ್ಬಳೇ ಮಗಳು ನಾನು. ಪೈಲಟ್ ಆಗುತ್ತೇನೆಂದು ಹಟ ಹಿಡಿದೆ. ಅಮ್ಮ ಇಲ್ಲದ ಮನೆ, ನನ್ನ ಹಟಕ್ಕೆ ಎದುರಾಡುವವರು ಯಾರೂ ಇರಲಿಲ್ಲ.

ನನಗೆ ಹಾರಲು ಕಲಿಸಿದವರು ಥಿಯೋಡರ್ ಮೇಷ್ಟ್ರು. ಮೈದಾನದ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪಾಠ ಹೇಳುವವರೂ ಅವರೇ, ಕೈಗೆ ಎಣ್ಣೆ ಬಳಿದುಕೊಂಡು ಎಂಜಿನ್ ಬಿಚ್ಚುವವರೂ ಅವರೇ. ಹಾರುವಾಗಲೆಲ್ಲ ಚರ್ಚಿನ ಹಾಡನ್ನು ಶ್ರುತಿಯಿಲ್ಲದೆ ಗುನುಗುತ್ತಿದ್ದರು. ಹಾಡು ನಿಂತಿತೆಂದರೆ ನಾನೇನೋ ತಪ್ಪು ಮಾಡಿದ್ದೇನೆ ಎಂದರ್ಥ. "ಮೇಲೆ ಹೋಗೋದು ಯಾರಿಗಾದ್ರೂ ಬರುತ್ತೆ ಕಣಮ್ಮ, ಇಳಿಯೋದಕ್ಕೆ ಮರ್ಯಾದೆ ಬೇಕು" ಎಂದು ಬೈಯುತ್ತಿದ್ದರು. ಅವರ ಬೈಗುಳ ತಿಂದು ತಿಂದೇ ನಾನು ಲೈಸೆನ್ಸ್ ಪಡೆದೆ. ಪಡೆದ ವರ್ಷವೇ ಕ್ಲಬ್ಬು ಮುಚ್ಚಿಹೋಯಿತು.

ಹಾರಾಟದ ಗಂಟೆಗಳ ಲೆಕ್ಕ ಇನ್ನಷ್ಟು ತುಂಬಿದ್ದರೆ ಒಂದು ಕಂಪನಿ ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ತುಂಬಿಸದೆ ಸುಮ್ಮನೆ ಕುಳಿತರೆ ಲೈಸೆನ್ಸೇ ಸತ್ತುಹೋಗುತ್ತಿತ್ತು. ಮೈದಾನದಲ್ಲಿ ಉಳಿದಿದ್ದುದು ಒಂದೇ ವಿಮಾನ, ಮೇಷ್ಟ್ರ ಸ್ವಂತದ್ದು. ನಾಲ್ಕು ಸೀಟು, ಒಂದೇ ಎಂಜಿನ್, ಮೂಗಿನ ಮೇಲೊಂದು ಪಂಖ. ಅವರ ಕಣ್ಣು ಮಂದವಾಗಿ ಹಾರುವುದನ್ನು ಬಿಟ್ಟಿದ್ದರು. ಕೇಳಿದವರಿಗೆಲ್ಲ ಇಲ್ಲ ಎಂದಿದ್ದವರು ನನ್ನನ್ನು ಕರೆದು, "ನೀನಾದ್ರೆ ಕೊಡ್ತೀನಿ" ಎಂದರು.

ಅಪ್ಪ ವ್ಯಾಪಾರಕ್ಕೆ ಹೊರಟದ್ದು ಮಗಳಿಗೆ ವರ ನೋಡಲು ಹೊರಟ ಹಾಗೆ, ಇಸ್ತ್ರಿ ಪಂಚೆ ಉಟ್ಟು, ಜೊತೆಗೆ ಮೌನೇಶ ಚಿಕ್ಕಪ್ಪನನ್ನು ಕರೆದುಕೊಂಡು. ವಿಮಾನದ ಬಿಳಿ ಬಣ್ಣ ಅಲ್ಲಲ್ಲಿ ಎದ್ದು ಒಳಗಿನ ಮಂಕು ತಗಡು ಕಾಣುತ್ತಿತ್ತು.

"ಏನ್ ಮೇಷ್ಟ್ರೇ, ಬಣ್ಣ ಎಲ್ಲಾ ಎದ್ದೋಗಿದೆ?"

"ಹಾರೋದು ಬಣ್ಣ ಅಲ್ಲ ಆಚಾರ್ರೇ."

ಅಪ್ಪ ಬೆರಳು ಮಡಿಸಿ ರೆಕ್ಕೆಯನ್ನು ಬಡಿದರು. ಟಣ್ಣೆನ್ನಲಿಲ್ಲ. "ಇದೂ ಕೆಮ್ಮುತ್ತಲ್ರೀ!"

"ಬಿಂದಿಗೆ ಅಲ್ಲ ಆಚಾರ್ರೇ ಇದು" ಎಂದು ಮೇಷ್ಟ್ರು ನಕ್ಕರು.

"ಆಗ್ಲಿ, ಬಡಿದು ನೋಡ್ದೆ ಯಾರಾದ್ರೂ ಕೊಳ್ತಾರಾ?" ಎಂದು ಅಪ್ಪ ಮೂಗಿನಿಂದ ಬಾಲದವರೆಗೆ ಬಡಿಯುತ್ತ, ಕಿವಿಗೊಟ್ಟು ಕೇಳುತ್ತ ನಡೆದರು. ನನಗೆ ನಾಚಿಕೆಯಾಗಿ ಭೂಮಿಗೆ ಇಳಿದುಹೋಗುವ ಹಾಗಾಯಿತು. ಮೇಷ್ಟ್ರು ಮಾತ್ರ ಅವರ ಹಿಂದೆಯೇ ನಡೆದು, ಬಡಿದಲ್ಲೆಲ್ಲ ಒಳಗೆ ಏನಿದೆ ಎಂದು ವಿವರಿಸಿದರು.

ಆಮೇಲೆ ಮೂವರೂ ಹಾರಿದೆವು. ನಾನು, ಪಕ್ಕದಲ್ಲಿ ಮೇಷ್ಟ್ರು, ಹಿಂದೆ ಅಪ್ಪ. ಚಿಕ್ಕಪ್ಪ ನೆಲ ಬಿಡಲು ಒಪ್ಪಲಿಲ್ಲ. ಅಪ್ಪ ನನ್ನ ಸೀಟಿನ ಬೆನ್ನನ್ನು ತಬ್ಬಿ ಕಣ್ಣು ಮುಚ್ಚಿ ಕುಳಿತಿದ್ದರು. ನಮ್ಮ ಬೀದಿಯ ಮೇಲೆ ಬಂದಾಗ ನಾನು ಕೂಗಿ ಹೇಳಿದ ಮೇಲೆಯೇ ಅವರು ಕಣ್ಣು ಬಿಟ್ಟದ್ದು. "ಇಷ್ಟೇನಾ ನಮ್ ಬೀದಿ?" ಎಂದರು. ಇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು, "ತಗೊಂಡ್ಬಿಡೋಣ ಮಗಾ" ಎಂದರು. ಅಂಗಡಿಯ ಅರ್ಧ ಭಾಗವನ್ನು ಪಕ್ಕದವನಿಗೆ ಮಾರಿ ಹಣ ಹೊಂದಿಸಿದರು. ಅವತ್ತಿನಷ್ಟು ಸಂತೋಷ ನನಗೆ ಮತ್ತೆ ಯಾವತ್ತೂ ಆಗಲಿಲ್ಲ.

ವಿಮಾನ ನಮ್ಮ ಹೆಸರಿಗೆ ಬಂದು ಹಾರಬೇಕಾದರೆ ಇಲಾಖೆಯ ತಪಾಸಣೆ ಅಧಿಕಾರಿ ಬಂದು ಯೋಗ್ಯವೆಂದು ಸರ್ಟಿಫಿಕೇಟ್ ಕೊಡಬೇಕಿತ್ತು. ಅಷ್ಟರಲ್ಲಿ ನಾನು ವೈದ್ಯಕೀಯ ಪರೀಕ್ಷೆಗೂ ಇನ್ನೊಂದು ಲಿಖಿತ ಪರೀಕ್ಷೆಗೂ ರಾಜಧಾನಿಗೆ ಹೋಗಬೇಕಾಗಿ ಬಂತು. ತಿಂಗಳು ಕಳೆದು ಹಿಂದಿರುಗುವಾಗ, ಬಸ್ಸಿನ ಕಿಟಕಿಯಿಂದ ಬಯಲಿನಾಚೆ ಏನೋ ಕಣ್ಣು ಕುಕ್ಕುವಂತೆ ಹೊಳೆಯುವುದು ಕಾಣಿಸಿತು. ಕೆರೆ ತುಂಬಿದೆಯೇನೋ ಎಂದುಕೊಂಡೆ. ಬೇಸಿಗೆಯಲ್ಲಿ ಎಲ್ಲಿಯ ಕೆರೆ?

ಕೆಲಸವಿಲ್ಲದೆ ಕುಳಿತಿದ್ದ ನಮ್ಮ ಬೀದಿಯ ಗಂಡಸರನ್ನೆಲ್ಲ ಅಪ್ಪ ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ಎದ್ದ ಬಣ್ಣವನ್ನು ಕೆರೆದು, ವಿಮಾನವನ್ನು ಪಂಖದಿಂದ ಬಾಲದವರೆಗೆ ಉಜ್ಜಿ ಬೆಳಗಿದ್ದರು. ಅದರ ಹೊಟ್ಟೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಶೆಡ್ಡಿನ ಮುಂದೆ ಸಾಲಾಗಿ ನಿಂತಿದ್ದ ಅವರ ಮುಖಗಳಲ್ಲಿ ಎಷ್ಟೋ ವರ್ಷಗಳಿಂದ ನಾನು ಕಾಣದಿದ್ದ ಕಳೆಯಿತ್ತು.

"ಹೆಂಗಿದೆ ಮಗಾ? ನಮ್ಮಲ್ಲಿ ಬೆಳಗ್ದೆ ಒಂದು ಲೋಟಾನಾದ್ರೂ ಗಿರಾಕಿ ಕೈಗೆ ಕೊಟ್ಟಿದೀವಾ? ನನ್ನ ಮಗಳಿಗೆ ಹಂಗೇ ಕೊಡ್ಲಾ?"

"ಏನ್ ಹಾಕಿ ತಿಕ್ಕಿದ್ಯಪ್ಪಾ?"

"ಇನ್ನೇನು ಹಾಕ್ತಾರೆ? ಹುಣಸೆಹಣ್ಣು, ಕಲ್ಲುಪ್ಪು, ಇಟ್ಟಿಗೆ ಪುಡಿ. ಹಿರೇರ ಕಾಲದಿಂದ ಮಾಡೋ ಹಂಗೇ."

ವಿಮಾನದ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಪದರವಿರುತ್ತದೆ, ಒಳಗಿನದನ್ನು ಕಾಯುವುದು ಅದೇ ಎಂದು ಕ್ಲಬ್ಬಿನ ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದರು. ಇಟ್ಟಿಗೆ ಪುಡಿ ಅದನ್ನು ಒರೆಸಿಹಾಕಿತ್ತು. ಉಪ್ಪು ಹುಳಿಯ ನೀರು ತಗಡಿಗೆ ತಗಡು ಸೇರುವ ಸಂದುಗಳಿಗೆ ಇಳಿದು ಕುಳಿತಿತ್ತು. ಅಲ್ಯೂಮಿನಿಯಮ್ಮನ್ನು ಜೀವನವಿಡೀ ಹೀಗಳೆದ ಅಪ್ಪ, ಮಗಳ ಸಲುವಾಗಿ ಮೊದಲ ಸಲ ಅದಕ್ಕೆ ಕಂಚಿನ ಮರ್ಯಾದೆ ಕೊಟ್ಟಿದ್ದರು. ಆ ಮರ್ಯಾದೆಯೇ ಅದಕ್ಕೆ ವಿಷ ಎಂದು ಅವರಿಗೆ ಹೇಗೆ ಹೇಳುವುದು? "ಚೆನ್ನಾಗಿದೆ" ಎಂದೆ.

ಮಾರನೆಯ ದಿನ ಥಿಯೋಡರ್ ಮೇಷ್ಟ್ರು ಸೈಕಲ್ಲಿನಲ್ಲಿ ಬಂದರು. ವಿಮಾನ ಕಂಡು ಅಷ್ಟು ದೂರದಲ್ಲೇ ಸೈಕಲ್ ಇಳಿದುಬಿಟ್ಟರು. ಹತ್ತಿರ ಬಂದು ರೆಕ್ಕೆಯ ಒಂದು ಸಂದಿಗೆ ಉಗುರು ತಾಗಿಸಿ, ಆ ಉಗುರನ್ನು ನಾಲಿಗೆಗಿಟ್ಟು ನೋಡಿದರು. ಅಪ್ಪ ಬಾಯಿ ತುಂಬ ನಗುತ್ತ ಕಾಯುತ್ತಿದ್ದರು.

"ಭಾಳ ಚೆನ್ನಾಗಿ ಹೊಳೀತಿದೆ ಆಚಾರ್ರೇ" ಎಂದರು ಮೇಷ್ಟ್ರು. ನನ್ನ ಪಕ್ಕ ಬಂದಾಗ ದನಿ ಇಳಿಸಿ, "ನೀರು ಕಣಮ್ಮ. ಎಷ್ಟು ಸಿಗುತ್ತೋ ಅಷ್ಟು ನೀರು ಹಾಕು" ಎಂದರು.

ಇಬ್ಬರೂ ಬಾವಿಯಿಂದ ಸೇದಿ ಸೇದಿ ತೊಳೆದೆವು. ದಿನವೂ ತೊಳೆದೆವು. ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ ಒಳಗೂ ನೀರು ಹೊಯ್ದೆವು. ಅಪ್ಪ ಬುತ್ತಿ ಹಿಡಿದು ಬಂದವರು ನೋಡಿ, "ಮೇಷ್ಟ್ರಿಗೆ ನಮ್ಮ ಕೆಲಸ ಕಂಡು ಹೊಟ್ಟೆಕಿಚ್ಚು" ಎಂದು ಚೇಷ್ಟೆ ಮಾಡಿದರು. ಮೇಷ್ಟ್ರು ಹಾಡು ಗುನುಗುತ್ತಿರಲಿಲ್ಲ. ಅದನ್ನು ಗಮನಿಸಿದಾಗಲೇ ನನಗೆ ಆಸೆ ಬತ್ತಿಹೋಯಿತು.

ಅಧಿಕಾರಿ ಇವತ್ತು ಬಂದಾರು, ನಾಳೆ ಬಂದಾರು ಎನ್ನುವಷ್ಟರಲ್ಲಿ ಮಳೆಗಾಲ ಹಿಡಿಯಿತು. ಶೆಡ್ಡು ಸೋರುತ್ತಿತ್ತು. ಬೀದಿಯ ಗೋಡೆಗಳ ಮೇಲೆ ಆ ಎರಡನೆಯ ಬಿಸಿಲು ಬೀಳುವುದು ನಿಂತಿತು, ಹೆಂಗಸರು ಮಾಳಿಗೆ ಹತ್ತುವುದೂ ನಿಂತಿತು. ಮಳೆ ಬಿಟ್ಟು ಆಕಾಶ ಬಿಳಿಚಿಕೊಂಡ ಮೇಲೆ ಅಧಿಕಾರಿ ಬಂದರು. ಹೊರನಾಡಿನವರು, ನಮ್ಮ ಮಾತು ಬಾರದವರು. ರೆಕ್ಕೆಯ ಅಡಿಯ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಸ್ಕ್ರೂಡ್ರೈವರ್ ತುದಿಯನ್ನು ರೆಕ್ಕೆಯನ್ನು ಹೊತ್ತ ತೊಲೆಗೆ ಒತ್ತಿದರು. ತುದಿ ಒಳಗೆ ಇಳಿಯಿತು. ಬಿಳಿ ಪುಡಿ ಅವರ ಶೂ ಮೇಲೆ ಉದುರಿತು.

ಅವರು ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: ಇದು ಇನ್ನು ಹಾರುವುದಿಲ್ಲ, ರಿಪೇರಿಗೂ ಬರುವುದಿಲ್ಲ, ಈ ವರ್ಷವೇ ಹೀಗಾಗಿದೆ. ಇದಕ್ಕೆ ಉಪ್ಪು ಹುಳಿ ಹಚ್ಚಿದ ಮೂರ್ಖ ಯಾರು?

ಅಪ್ಪ ಅಧಿಕಾರಿಯ, ಮೇಷ್ಟ್ರ, ನನ್ನ ಮುಖವನ್ನು ಒಂದೊಂದಾಗಿ ನೋಡಿದರು. "ಏನಂತಾರೆ ಮಗಾ?"

ನಾನು ಅಪ್ಪನ ಕಡೆ ತಿರುಗಿದೆ. ಅಪ್ಪನ ಹಿಂದೆ ಚಿಕ್ಕಪ್ಪನೂ, ಬೀದಿಯ ಅಷ್ಟೂ ಗಂಡಸರೂ ಒಗೆದ ಅಂಗಿ ತೊಟ್ಟು ಬಂದು ನಿಂತಿದ್ದರು.

"ಒಳಗಡೆ ಮೊದ್ಲೇ ಕೊಳೆತಿತ್ತು ಆಚಾರ್ರೇ" ಎಂದರು ಥಿಯೋಡರ್ ಮೇಷ್ಟ್ರು. "ನಂಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ."

ಅಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಕತ್ತಿನ ನರ ಉಬ್ಬಿತು. "ನನ್ನ ಮಗಳು ಕೂರೋ ವಿಮಾನ ಅಂತ ಗೊತ್ತಿದ್ದೂನಾ?"

"ಹೂಂ."

"ಥೂ" ಎಂದು ಅಪ್ಪ ತಿರುಗಿ ನಡೆದುಬಿಟ್ಟರು. ಬೀದಿಯವರೆಲ್ಲ ಅವರ ಹಿಂದೆ ಹೊರಟರು.

ಅವತ್ತು ಸಂಜೆ ಮೇಷ್ಟ್ರ ಮನೆಗೆ ಓಡಿದೆ. ಅವರ ಹೆಂಡತಿ ಗ್ರೇಸಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕಂಡು ಮೊರವನ್ನು ಪಕ್ಕಕ್ಕೆ ತಳ್ಳಿದರು, ಕೂರು ಎನ್ನಲಿಲ್ಲ.

"ಯಾಕೆ ಹಂಗಂದ್ರಿ ಮೇಷ್ಟ್ರೇ? ಊರು ನಿಮ್ಮನ್ನ ಮೋಸಗಾರ ಅನ್ನುತ್ತೆ. ನಾನು ಅಪ್ಪನಿಗೆ ಹೇಳಿಬಿಡ್ತೀನಿ."

"ನಿಮ್ಮಪ್ಪ ನಾಳೆ ಎದ್ದು ಅದೇ ಕೈಯಲ್ಲಿ ಮತ್ತೆ ಲೋಹ ಮುಟ್ಟಬೇಕು ಕಣಮ್ಮ. ಮಗಳ ವಿಮಾನ ತಿಂದ ಕೈ ಅಂತ ಗೊತ್ತಾದ್ರೆ ಮುಟ್ತಾರಾ? ನಂದೇನು, ಕೆಲಸ ಮುಗೀತು. ಅಂದ್ರೆ ಅನ್ಲಿ."

"ಅನ್ಲಿ ಅಂತೀರಾ" ಎಂದರು ಗ್ರೇಸಮ್ಮ. "ನಲ್ಲಿ ಹತ್ರ ನಿಂತು ಕೇಳಿಸ್ಕೊಳ್ಳೋಳು ನಾನು."

ಮೇಷ್ಟ್ರು ಅವರ ಕಡೆ ನೋಡಲಿಲ್ಲ. "ಈಗ ನೀನು ಹೇಳಿದ್ರೆ ನಿಮ್ಮಪ್ಪನೂ ಹೋದ್ರು, ನನ್ನ ಮಾತೂ ಹೋಯ್ತು. ಹೇಳಬೇಡ" ಎಂದರು. ಹಾರುವಾಗ ಅಪ್ಪಣೆ ಕೊಡುತ್ತಿದ್ದ ದನಿಯಲ್ಲೇ ಹೇಳಿದರು. ನಾನು ಆ ದನಿಗೆ ಎದುರಾಡಿ ಅಭ್ಯಾಸವಿದ್ದವಳಲ್ಲ.

ವಿಮಾನಕ್ಕೆ ಕೊಟ್ಟ ಹಣವನ್ನು ಹಿಂದಿರುಗಿಸಲು ಅವರು ನಮ್ಮ ಮನೆಗೆ ಬಂದರು. ಅಪ್ಪ ಬಾಗಿಲು ತೆರೆಯಲಿಲ್ಲ. ಹಣ ತಂದದ್ದೇ ತಪ್ಪಿಗೆ ಸಾಕ್ಷಿ ಎಂದು ಊರು ಮಾತಾಡಿಕೊಂಡಿತು. ಚರ್ಚಿನಲ್ಲಿ ಅವರ ಬೆಂಚಿನ ಮೇಲೆ ಬೇರೆ ಯಾರೂ ಕೂರುತ್ತಿರಲಿಲ್ಲವಂತೆ. ಅಪ್ಪ ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಈ ಕತೆ ಹೇಳುತ್ತಿದ್ದರು, ಹೇಳಿ ಮುಗಿಸಿ, "ನಮ್ಮ ಕೆಲಸದಲ್ಲಿ ಮೋಸ ಇಲ್ಲ ನೋಡಿ" ಎಂದು ತಟ್ಟೆ ಬಡಿದು ಕೇಳಿಸುತ್ತಿದ್ದರು. ನಿಜವಾಗಿಯೂ ಅವರು ಅಷ್ಟು ಚಂದದ ಕೆಲಸ ಹಿಂದೆಂದೂ ಮಾಡಿರಲಿಲ್ಲ. ಆ ತಟ್ಟೆಗಳ ನಾದ ಕೇಳಿದರೆ ನನಗೆ ಮೈ ಉರಿಯುತ್ತಿತ್ತು, ಅಪ್ಪನ ಮೇಲೂ, ಮೇಷ್ಟ್ರ ಮೇಲೂ.

ನನ್ನ ಲೈಸೆನ್ಸಿನ ಅವಧಿ ಮುಗಿಯಿತು. ಕಂಪನಿಯವರು ಬೇರೆ ಯಾರನ್ನೋ ತೆಗೆದುಕೊಂಡರು. ಉಳಿದ ಅರ್ಧ ಅಂಗಡಿಯಲ್ಲಿ ಗಲ್ಲದ ಮೇಲೆ ಕೈಯಿಟ್ಟು ಕೂರುವುದು ನನ್ನ ಕೆಲಸವಾಯಿತು. ಒಂದು ದಿನ ಗುಜರಿಯವರು ಬಂದು ವಿಮಾನದ ರೆಕ್ಕೆ ಕತ್ತರಿಸಿ, ಲಾರಿಗೆ ಹೇರಿಕೊಂಡು ನಮ್ಮ ಬೀದಿಯಲ್ಲೇ ಹೋದರು. ಆ ಬೆಳಕು ಒಂದೊಂದು ಗೋಡೆಯ ಮೇಲೂ ಹಾದುಹೋಯಿತು. ಅಪ್ಪ ಸುತ್ತಿಗೆ ಕೆಳಗಿಡದೆ ಕೆಲಸ ಮಾಡುತ್ತಲೇ ಇದ್ದರು.

ಕೆಲವು ವರ್ಷಗಳ ಮೇಲೆ ಥಿಯೋಡರ್ ಮೇಷ್ಟ್ರು ತೀರಿಕೊಂಡರು. ಅಪ್ಪ ಬೇಡವೆಂದರೂ ಹೋಗುವುದೇ ಎಂದು ನಿಶ್ಚಯಿಸಿ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅಪ್ಪ ಶಾಲು ಹೊದ್ದು ಹೊರಗೆ ಬಂದರು. "ತಡಿ ಮಗಾ, ನಾನೂ ಬರ್ತೀನಿ" ಎಂದರು.

ಸಮಾಧಿ ತೋಟದಲ್ಲಿ ಜನ ಬಹಳ ಇರಲಿಲ್ಲ. ಅಪ್ಪ ಬಂದದ್ದನ್ನು ಕಂಡು ಇದ್ದವರು ದಾರಿ ಬಿಟ್ಟರು. ಪಾದ್ರಿಯವರ ಪ್ರಾರ್ಥನೆ ಮುಗಿದು, ಪೆಟ್ಟಿಗೆ ಕೆಳಗಿಳಿದು, ಒಬ್ಬೊಬ್ಬರೇ ಹಿಡಿ ಮಣ್ಣು ಹಾಕತೊಡಗಿದರು. ಅಪ್ಪನೂ ಬಾಗಿ ಮಣ್ಣು ತೆಗೆದುಕೊಂಡರು. ಆದರೆ ಹಾಕಲಿಲ್ಲ. ಕುಳಿಯ ಅಂಚಿನಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಮೇಷ್ಟ್ರೇ, ನೀವು ಮಾಡಿದ್ದನ್ನ ನಾನು ಮನ್ನಿಸಿದೀನಿ. ನನ್ನ ಮನಸ್ಸಲ್ಲಿ ಇನ್ನೇನೂ ಇಲ್ಲ. ನೆಮ್ಮದಿಯಾಗಿ ಹೋಗಿ."

ಅವರ ಕಣ್ಣಲ್ಲಿ ನೀರಿತ್ತು. ಅದು ನಟನೆಯಲ್ಲ, ಅಪ್ಪನಿಗೆ ನಟಿಸಲು ಬರುತ್ತಿರಲಿಲ್ಲ. ನನ್ನ ಹಿಂದೆ ಯಾರೋ, "ಇಂಥವರೂ ಇರ್ತಾರೆ ನೋಡಿ" ಎಂದು ಮೆಲ್ಲಗೆ ಹೇಳಿದರು.

ಕುಳಿಯ ಆಚೆ ಬದಿಯಲ್ಲಿ ಗ್ರೇಸಮ್ಮ ನಿಂತಿದ್ದರು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಹೇಳಿಬಿಡಲಿ, ಈಗಲಾದರೂ ಕೂಗಿ ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಅವರನ್ನು ಬೇಡಿಕೊಂಡೆ. ಅವರು ಸೆರಗು ಸರಿಮಾಡಿಕೊಂಡು ಅಪ್ಪನ ಕಡೆ ತಿರುಗಿ ಕೈ ಮುಗಿದರು.

"ನಿಮ್ಮದು ದೊಡ್ಡ ಮನಸ್ಸು ಆಚಾರ್ರೇ."

ಅಪ್ಪ ಮಣ್ಣನ್ನು ಕುಳಿಯೊಳಗೆ ಬಿಟ್ಟು, ಕೈ ಕೊಡವಿ, ಅಂಚಿನಿಂದ ಒಂದು ಹೆಜ್ಜೆ ಸರಿದು ನನಗೆ ಜಾಗ ಮಾಡಿಕೊಟ್ಟರು.