ಮೇಲಿನ ಹಿಡಿ

ಕೋಲಾರದ ಮುಳಬಾಗಿಲು ರಸ್ತೆಯಲ್ಲಿದ್ದ ಚನ್ನರಾಯಪ್ಪನ ಮರದ ಡಿಪೋದಲ್ಲಿ ಗೌಸ್ ಮೊಹಿದ್ದೀನ್ ಮತ್ತು ಗಂಗುಲಪ್ಪ ಇಬ್ಬರಿಗೂ ಸೇರಿ ಒಂದೇ ಹೆಸರು. "ಗೌಸ್‌ಗಂಗುಲು ಬಂದ್ರಾ?" ಎಂದು ಗಾಡಿಯವರು ಕೇಳುತ್ತಿದ್ದರು. ಮರ ಕೊಯ್ಯುವ ದೊಡ್ಡ ಗರಗಸಕ್ಕೆ ಎರಡು ಹಿಡಿ, ಮೇಲೊಂದು ಕೆಳಗೊಂದು. ಆಳುದ್ದದ ಗುಂಡಿಯ ಮೇಲೆ ದಿಮ್ಮಿಯನ್ನು ಮಲಗಿಸಿ, ದಿಮ್ಮಿಯ ಮೇಲೆ ನಿಂತು ಗೌಸ್ ಗೆರೆ ತಪ್ಪದಂತೆ ನಡೆಸಬೇಕು. ಗುಂಡಿಯೊಳಗೆ ನಿಂತು ಗಂಗುಲಪ್ಪ ಎಳೆಯಬೇಕು. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಮಾತು ಈ ಜೋಡಿಯ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ ಲೋಕದ ನ್ಯಾಯ ನೋಡಿ, ಹಲ್ಲುಗಳೆಲ್ಲ ಕೆಳಮುಖವಾಗಿರುವ ಗರಗಸ ಅದು, ಮರ ಕೊಯ್ಯುವುದು ಕೆಳಗಿನವನ ತೋಳು. ಮೇಸ್ತ್ರಿ ಎನಿಸಿಕೊಳ್ಳುವವನು ಮಾತ್ರ ಮೇಲಿನವನು.

ತೆಲುಗಿನವರು ಗರಗಸಕ್ಕೆ ರಂಪ ಎನ್ನುತ್ತಾರೆ. ಗಂಗುಲಪ್ಪನ ಹೆಂಡತಿ ಮುನಿಯಲ್ಲಮ್ಮನ ಬಾಯಲ್ಲೂ ಅದು ರಂಪವೇ. ಮನೆಯಲ್ಲಿ ಆಕೆ ಮಾಡುತ್ತಿದ್ದ ರಂಪವೂ ಅದರ ಸುತ್ತಲೇ. "ಇನ್ನೂ ಎಷ್ಟು ವರ್ಷ ಗುಂಡಿಯೊಳಗೆ ಇರ್ತೀಯಾ? ಮೇಸ್ತ್ರಿ ಹೆಂಡ್ತಿ ಅಂತ ನನ್ನ ಯಾವಾಗ ಕರೀತಾರೆ?" ಎಂದು ಒಲೆ ಊದುತ್ತ ಊದುತ್ತಲೇ ಕೇಳುವಳು. ಕುರುಡುಮಲೆಯ ಗಣಪತಿಗೆ ಹರಕೆ ಹೊತ್ತು ಬರೋಣ ಎಂದು ದುಂಬಾಲು ಬಿದ್ದಿದ್ದಳು. ಅವನು ಆ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಈಚೆಗೆ ಆ ಊರಿನ ಹೆಸರೇ ಅವನಿಗೆ ಹಿಡಿಸುತ್ತಿರಲಿಲ್ಲ.

ಮೇಲಿನ ಹಿಡಿ ಗಂಗುಲಪ್ಪನಿಗೂ ಬೇಕಿತ್ತು. ಆದರೆ ಮೇಸ್ತ್ರಿಗಿರಿಯ ಹಪಾಹಪಿಗಲ್ಲ, ಕಣ್ಣಿಗಾಗಿ. ಗುಂಡಿಯೊಳಗೆ ನಿಂತವನ ಮುಖದ ಮೇಲೆ ದಿನವಿಡೀ ಮರದ ಹೊಟ್ಟು ಉದುರುತ್ತದೆ. ತಲೆಗೆ ಟವೆಲು ಸುತ್ತಿದರೂ, ಕಣ್ಣು ಕಿರಿದು ಮಾಡಿದರೂ ಅದು ಒಳಗೆ ಹೋಗುವುದು ಹೋಗಿಯೇ ಹೋಗುತ್ತದೆ. ಯುದ್ಧ ಶುರುವಾದ ವರ್ಷದಿಂದ ಅವನ ಕಣ್ಣ ಮುಂದೆ ತೆಳುವಾದ ಮಂಜೊಂದು ಬಂದು ಕೂತಿತ್ತು. ಅದು ಹೊಟ್ಟಿನ ಮಂಜು ಎಂದು ಅವನು ತೀರ್ಮಾನಿಸಿದ್ದ. ಯುಗಾದಿಗೆ ಕೆಲಸ ಬಿಟ್ಟು ಮನೆಯಲ್ಲಿ ಕೂತಾಗಲೂ ಅದು ಸರಿಯಲಿಲ್ಲ. ವರ್ಷಗಟ್ಟಲೆ ತುಂಬಿದ ಹೊಟ್ಟು ಒಂದು ಹಬ್ಬಕ್ಕೆ ಹೋದೀತೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೇಲೆ ಹೋಗಬೇಕು. ಗಾಳಿ ಬೆಳಕಿನಲ್ಲಿ ನಿಂತು ಕೆಲಸ ಮಾಡಿದರೆ ಕಣ್ಣು ತಾನೇ ತೊಳೆದುಕೊಳ್ಳುತ್ತದೆ. ಈ ನಂಬಿಕೆಯೊಂದನ್ನು ಹಿಡಿದುಕೊಂಡೇ ಅವನು ಪ್ರತಿ ದಿನ ಗುಂಡಿಗೆ ಇಳಿಯುತ್ತಿದ್ದ.

ಯಾರಿಗೂ ಇದು ಗೊತ್ತಾಗಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ. ಗರಗಸದ ಆರೈಕೆಯೆಲ್ಲ ಮೊದಲಿನಿಂದ ಅವನದೇ, ಅದೆಲ್ಲ ಬೆರಳಿನ ಕೆಲಸ. ಮೂರು ಮೂಲೆಯ ಅರ ಹಿಡಿದು ಒಂದೊಂದು ಹಲ್ಲನ್ನೂ ಮಸೆಯುವನು. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಕೂದಲೆಳೆಯಷ್ಟು ವಾಲಿಸುವನು. ಆಮೇಲೆ ಹೆಬ್ಬೆರಳು ಆಡಿಸಿ, ಯಾವ ಹಲ್ಲು ಸೋಮಾರಿ ಎಂದು ಕಂಡುಹಿಡಿಯುವನು. ಕೊನೆಗೆ ಹೊಂಗೆ ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತಿಟ್ಟರೆ ಮಳೆಗಾಲದಲ್ಲೂ ತುಕ್ಕು ಹತ್ತಿರ ಬರುತ್ತಿರಲಿಲ್ಲ. ಮನೆಯಲ್ಲಿ ಚೊಂಬು ಎಡವಿದಾಗ ಮುನಿಯಲ್ಲಮ್ಮ, "ಎಲ್ಲಿ ನೋಡ್ಕೊಂಡು ನಡೀತೀಯಾ?" ಎಂದು ಗದರಿ ಸುಮ್ಮನಾಗುತ್ತಿದ್ದಳು.

ಮೇಲಿನ ಹಿಡಿ ಕೊಡು ಎಂದು ಗೌಸ್‌ನನ್ನು ಅವನು ಹಲವು ಸಲ ಕೇಳಿದ್ದ.

"ಲೇ ಗಂಗುಲೂ, ನಿನ್ನಂಗೆ ನೆಟ್ಟಗೆ ಎಳೆಯೋನು ಈ ಜಿಲ್ಲೇಲಿ ಇಲ್ಲ ಕಣೋ," ಎಂದು ಗೌಸ್ ನಗುತ್ತಿದ್ದ. "ನೀನು ಮೇಲೆ ಬಂದ್ರೆ ಕೆಳಗೆ ಯಾರು ಇಳೀತಾರೆ, ಚನ್ನರಾಯಪ್ಪನೋರಾ?"

ಹಳೆಯ ಗರಗಸ ಮಸೆದು ಮಸೆದು ಅಗಲ ಕಳೆದುಕೊಂಡು, ಎಳೆದರೆ ಬಳುಕುವ ಹಾಗಾಗಿತ್ತು. ಯುದ್ಧದ ದಿನ, ಸೀಮೆಯ ಉಕ್ಕು ಬರುವುದೇ ಅಪರೂಪ. ಚನ್ನರಾಯಪ್ಪ ಬೆಂಗಳೂರಿನಿಂದ ಹೇಗೋ ನಾಲ್ಕಾರು ಅಲಗು ತರಿಸಿದ, ಆರಿಸಲು ಗಂಗುಲಪ್ಪನನ್ನು ಕರೆದ. ಗಂಗುಲಪ್ಪ ಒಂದೊಂದನ್ನೂ ಬಾಗಿಸಿ ಬಿಟ್ಟ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಒಂದು ಅಲಗು ಮಾತ್ರ ತಟ್ಟಿದ ಮೇಲೂ ಬಹಳ ಹೊತ್ತು ಗುಂಯ್‌ಗುಡುತ್ತಲೇ ಇತ್ತು. ಅದನ್ನು ಎದೆಗೊತ್ತಿಕೊಂಡು, "ಇದೇ," ಎಂದ. ಮತ್ತೆ ಗೌಸ್‌ನ ಕಡೆ ತಿರುಗಿ, "ಭಾಯ್, ಹೊಸ ರಂಪಕ್ಕೆ ಮೇಲಿನ ಹಿಡಿ ನಾನೇ ಹಿಡೀತೀನಿ. ಇಲ್ಲಾಂದ್ರೆ ನಾಳೆಯಿಂದ ಬರಲ್ಲ," ಎಂದುಬಿಟ್ಟ.

ಗೌಸ್ ಗಡ್ಡ ಕೆರೆದುಕೊಂಡ. ತಮಾಷೆಯಲ್ಲ ಎಂದು ಅವನಿಗೆ ಅರ್ಥವಾಯಿತು. "ಆಯ್ತು ಕಣೋ. ನಾನೂ ಗುಂಡಿಯಿಂದಲೇ ಮೇಲೆ ಬಂದೋನು, ಇಳಿಯೋದೇನು ಮರೆತುಹೋಗಿಲ್ಲ," ಎಂದ. ಅಂದು ಸಂಜೆ ಮುನಿಯಲ್ಲಮ್ಮ ಬೀದಿಗೆಲ್ಲ ಬೆಲ್ಲ ಹಂಚಿದಳು.

ಮರುದಿನ ಬೆಳಿಗ್ಗೆ ವಕ್ಕಲೇರಿಯ ಕಡೆಯಿಂದ ಬಂದ ಹೊನ್ನೆಯ ದಿಮ್ಮಿ ಗುಂಡಿಯ ಮೇಲೆ ಮಲಗಿತ್ತು. ಯಾರದೋ ಹೊಸ ಮನೆಯ ತಲೆಬಾಗಿಲಿಗೆ ಹಲಗೆ ತೆಗೆಯಬೇಕಿತ್ತು. ಗೌಸ್ ಆಗಲೇ ಅದರ ಮೇಲೆ ಕೆಂಪು ಜಾಜಿನಲ್ಲಿ ಅದ್ದಿದ ನೂಲು ಎಳೆದು ಮೀಟಿ ಗೆರೆ ಹಾಕಿದ್ದ. ಗಂಗುಲಪ್ಪ ದಿಮ್ಮಿಗೆ ಕೈ ಮುಗಿದು ಹತ್ತಿದ. ಬಿಸಿಲು ಮುಖಕ್ಕೆ ಬಿತ್ತು, ಕೆರೆಯ ಕಡೆಯಿಂದ ಗಾಳಿ ಬಂತು. ಅವನು ಕಣ್ಣು ಮುಚ್ಚಿ, ಚೆನ್ನಾಗಿ ಉಜ್ಜಿಕೊಂಡು, ತೆರೆದ.

ಮಂಜು ಅವನ ಜೊತೆಗೇ ಮೇಲೆ ಹತ್ತಿ ಬಂದಿತ್ತು. ಗುಂಡಿಯೊಳಗೆ ಬೂದಿಯ ಬಣ್ಣಕ್ಕಿದ್ದದ್ದು ಇಲ್ಲಿ ಬಿಸಿಲಿಗೆ ಹಾಲಿನಂತೆ ಬೆಳ್ಳಗಾಗಿ ಇನ್ನೂ ದಟ್ಟವಾಯಿತು. ಕಾಲ ಕೆಳಗಿನ ಮರ ಒಂದಿಷ್ಟು ಕಂಡಿತು, ಮುಂದೆ ಏನೂ ಇಲ್ಲ. ಗಂಗುಲಪ್ಪ ಇನ್ನೊಮ್ಮೆ ಕಣ್ಣುಜ್ಜಿಕೊಂಡ.

"ಏನೋ, ನಿಂತ್ಬಿಟ್ಟೆ?" ಕೆಳಗಿನಿಂದ ಗೌಸ್ ಕೇಳಿದ.

"ಭಾಯ್, ಹೊನ್ನೆ ಕೆಂಪು ಮರ ನೋಡು, ಜಾಜಿನ ಗೆರೆ ಎದ್ದು ಕಾಣಲ್ಲ. ಸುಣ್ಣದಲ್ಲಿ ಹೊಡೆದುಬಿಡು."

"ಇಷ್ಟು ವರ್ಷ ನನಗೆ ಕಂಡಿಲ್ವಾ? ಹೊಸ ಮೇಸ್ತ್ರಿ ದೌಲತ್ತು ಶುರುವಾಯ್ತು," ಎಂದು ಗೊಣಗುತ್ತ ಗೌಸ್ ಹತ್ತಿ ಬಂದ. ತೆಂಗಿನ ಚಿಪ್ಪಿನಲ್ಲಿ ಸುಣ್ಣ ಕಲಸಿ ಪಕ್ಕಕ್ಕಿಟ್ಟು, ಬೇರೆ ನೂಲು ತೆಗೆದು ಆ ತುದಿಯ ಮೊಳೆಗೆ ಕಟ್ಟಿ, ಈ ತುದಿಗೆ ಎಳೆದು ನಿಂತ. ನೂಲು ನೆಟ್ಟಗಿದೆಯೇ ಎಂದು ನೋಡಲು ಅದನ್ನು ಒಣಗಿದ್ದ ಹಾಗೇ ಒಮ್ಮೆ ಮೀಟಿದ. ಟಪ್ ಎಂದಿತು. ಸುಣ್ಣಕ್ಕೆ ಅದ್ದುವುದು ಇನ್ನೂ ಬಾಕಿಯಿತ್ತು.

"ಹಾ, ಈಗ ಸರಿಯಾಯ್ತು ನೋಡು!" ಎಂದ ಗಂಗುಲಪ್ಪ, ದನಿಯಲ್ಲಿ ಇಲ್ಲದ ಉಲ್ಲಾಸ ತುಂಬಿಕೊಂಡು. "ಎಷ್ಟು ಬೆಳ್ಳಗೆ ಕಾಣ್ತಿದೆ!"

ಗೌಸ್ ಪಕ್ಕದ ಸುಣ್ಣದ ಚಿಪ್ಪನ್ನು ನೋಡಿದ, ಮತ್ತೆ ಅವನ ಮುಖ ನೋಡಿದ. ಅವನು ಕೆಳಗಿಳಿಯುವ ಹೆಜ್ಜೆಯ ಸದ್ದು ಬರಲಿಲ್ಲ. ಗಂಗುಲಪ್ಪನಿಗೆ ಅನುಮಾನ ಹುಟ್ಟಿ, ಕುಕ್ಕರುಗಾಲಲ್ಲಿ ಕೂತು, ನೂಲಿನ ಕೆಳಗೆ ಬೆರಳಾಡಿಸಿದ. ಹಸಿ ಸುಣ್ಣದ ತಂಪು ತಗಲಬೇಕಿತ್ತು. ಬರೀ ಒಣ ಮರ ತಗಲಿತು. ಇನ್ನಷ್ಟು ಮುಂದಕ್ಕೆ ಸವರಿದ, ಅಲ್ಲೂ ಅದೇ.

"ಯಾ ಅಲ್ಲಾ," ಎಂದು ಗೌಸ್ ದಿಮ್ಮಿಯ ಮೇಲೇ ಕೂತುಬಿಟ್ಟ. "ಯಾವಾಗಿಂದ ಗಂಗುಲೂ?"

"ಗೊತ್ತಿಲ್ಲ ಭಾಯ್. ಹೊಟ್ಟು ಅಂದ್ಕೊಂಡಿದ್ದೆ. ಮೇಲೆ ಬಂದ್ರೆ ಹೋಗುತ್ತೆ ಅಂದ್ಕೊಂಡಿದ್ದೆ."

ಗೌಸ್ ಅವನ ಭುಜ ಹಿಡಿದುಕೊಂಡ. "ನೀನು ಕೇಳಿದಾಗಲೇ ಮೇಲೆ ಕರೀಬೇಕಿತ್ತು ನಾನು. ನಗಾಡ್ಕೊಂಡು ಕಾಲ ಕಳೆದೆ. ಬೆಂಗಳೂರಿಗೆ ಕರ್ಕೊಂಡು ಹೋಗ್ತೀನಿ, ಕಣ್ಣಿನ ಡಾಕ್ಟರಿಗೆ ತೋರಿಸೋಣ."

"ನೋಡೋಣ ಭಾಯ್. ಅವಳಿಗೆ ಮಾತ್ರ ಹೇಳ್ಬೇಡ. ಬೀದಿಗೆಲ್ಲ ಬೆಲ್ಲ ಹಂಚಿದಾಳೆ." ಗಂಗುಲಪ್ಪ ಎದ್ದ. "ನಾನು ಕೆಳಗಿಳೀತೀನಿ. ಅಲ್ಲಿ ಎಳೆಯೋದಕ್ಕೆ ಕಣ್ಣು ಬೇಕಾಗಿಲ್ಲ."

ಹೀಗೆ ಹೊಸ ಗರಗಸದ ಮೇಲಿನ ಹಿಡಿ ಮತ್ತೆ ಗೌಸ್‌ನ ಕೈಗೇ ಹೋಯಿತು. ಹಲ್ಲು ಮರಕ್ಕೆ ಕಚ್ಚಿತು. ಅಷ್ಟು ಒಳ್ಳೆಯ ಅಲಗು ಅವರಿಬ್ಬರ ಕೈಗೆ ಎಂದೂ ಬಂದಿರಲಿಲ್ಲ, ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಆರಿಸಿದವನಿಗೆ ಅದರಿಂದ ಯಾವ ಸಂತೋಷವೂ ಆಗಲಿಲ್ಲ.

ಊಟದ ಹೊತ್ತಿಗೆ ಮುನಿಯಲ್ಲಮ್ಮ ಮುದ್ದೆಯ ಬುಟ್ಟಿ ಹೊತ್ತು ಬಂದಳು. ಗಂಡ ಮೇಲೆ ನಿಂತಿರುವುದನ್ನು ನೋಡಬೇಕೆಂದು ಹಬ್ಬದ ಸೀರೆ ಉಟ್ಟಿದ್ದಳು. ಮೇಲೆ ಕಂಡದ್ದು ಗೌಸ್‌ನ ಗಡ್ಡ.

"ಏನ್ ಗೌಸ್ ಸಾಬ್ರೇ, ಇವ್ರಲ್ವಾ ಮೇಲೆ ನಿಲ್ಬೇಕಾಗಿದ್ದಿದ್ದು?"

ಗೌಸ್ ಗರಗಸ ನಿಲ್ಲಿಸಿದ. "ನನ್ನ ಮನಸ್ಸು ಒಪ್ಪಲಿಲ್ಲ ತಂಗಿ," ಎಂದ. "ಮೇಲಿನ ಹಿಡಿ ನಾನು ಬಿಟ್ಟುಕೊಡಲ್ಲ."

ಆಮೇಲೆ ಶುರುವಾಯಿತು ನೋಡಿ. ಮೊದಲು ಕನ್ನಡದಲ್ಲಿ ಬೈದಳು, ಸಿಟ್ಟು ನೆತ್ತಿಗೇರಿದ ಮೇಲೆ ತೆಲುಗಿನಲ್ಲಿ. ನಂಬಿಸಿ ಕುತ್ತಿಗೆ ಕೊಯ್ದವನು ಎಂದಳು, ತನ್ನ ಗಂಡನ ತೋಳು ತಿಂದು ಮೇಸ್ತ್ರಿಯಾದವನು ಎಂದಳು. ಗೌಸ್ ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಕೆಳಗೆ ಗಂಗುಲಪ್ಪ ಹಿಡಿಯನ್ನು ಅವುಚಿಕೊಂಡು ನಿಂತಿದ್ದ. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವಳು ಸುಮ್ಮನಾಗುತ್ತಿದ್ದಳು. ಏನೂ ತಪ್ಪು ಮಾಡದ ಮನುಷ್ಯ ತನಗೋಸ್ಕರ ಬೈಸಿಕೊಳ್ಳುತ್ತಿರುವುದನ್ನು ಕೇಳುತ್ತ ಅವನು ನಾಚಿಕೆಯಿಂದ ಸತ್ತಂತಾದ.

ಬೈಗುಳ ನಿಂತಿತು. ಗರಗಸ ಇನ್ನೂ ಏಳಲಿಲ್ಲ. ಗಂಗುಲಪ್ಪ ಮೇಲಿನ ಬೆಳಕಿಗೆ ಮುಖ ಎತ್ತಿದ, ಕಂಡದ್ದು ಬರೀ ಹಾಲಿನ ಬಿಳುಪು.

"ಭಾಯ್, ಹೋದ್ಲಾ ಅವಳು?"

ಮೇಲಿನಿಂದ ಗೌಸ್ ಕೆಮ್ಮಿದ.

"ನನ್ನಿಂದ ನೀನು ಬೈಸ್ಕೊಂಡೆ. ಕ್ಷಮಿಸಿಬಿಡು. ಆದ್ರೂ ಅವಳಿಗೆ ಗೊತ್ತಾಗೋದು ಬೇಡ ಭಾಯ್, ತಡ್ಕೊಳ್ಳಲ್ಲ ಅವಳು."

ಆಗ ಗುಂಡಿಯೊಳಗೇ, ಒಂದು ಮೊಳ ದೂರದಲ್ಲಿ, ಗಾಜಿನ ಬಳೆ ಸದ್ದಾಯಿತು. ಮುದ್ದೆ ಕೊಡಲೆಂದು ಮುನಿಯಲ್ಲಮ್ಮ ಹೊಟ್ಟು ಹಾಸಿದ್ದ ಮೆಟ್ಟಿಲಿಳಿದು ಸದ್ದಾಗದೆ ಬಂದು ಅವನ ಎದುರಿಗೇ ನಿಂತಿದ್ದಳು. ಬಳೆಗಳು ಅವನ ಮುಖದ ಮುಂದೆ ಒಮ್ಮೆ ಈ ಕಡೆಗೆ ಹೋದವು, ಒಮ್ಮೆ ಆ ಕಡೆಗೆ ಹೋದವು, ಮತ್ತೆ ನಿಂತವು.

"ಕಾಣ್ತಿಲ್ವಾ?" ಎಂದಳು ಮೆಲ್ಲಗೆ.

"ಇಲ್ಲ ಕಣೇ," ಎಂದ.